ಪರಿಗ್ರಹ: ವಸ್ತು ಮನೆಯಲ್ಲಿ, ಹಿಡಿತ ಮನಸ್ಸಿನಲ್ಲಿ

ನಮ್ಮ ಅಡುಗೆಮನೆಗಳಲ್ಲಿ ಹೆಸರು ಕೊರೆಸಿದ ಪಾತ್ರೆ ಒಂದಾದರೂ ಇರುತ್ತದೆ. ಮದುವೆಗೆ ಉಡುಗೊರೆ ಬಂದ ಸ್ಟೀಲ್ ತಂಬಿಗೆ. ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊಟ್ಟವರ ಹೆಸರು, ತಾರೀಖು. ತಳ ನೆಗ್ಗಿದೆ, ಅಕ್ಷರ ಅರ್ಧ ಸವೆದಿದೆ. ಆದರೂ ಅದನ್ನು ಹಳೇ ಪಾತ್ರೆಯವನಿಗೆ ಹಾಕಲು ಮನಸ್ಸು ಬಾರದು. ಅಷ್ಟೇ ಅಳತೆಯ ಹೊಸದನ್ನು ಕೊಡುತ್ತೇವೆಂದರೂ ಬೇಡ. ಅಪ್ಪನ ಕೈಗಡಿಯಾರ, ಅಜ್ಜಿಯ ಇಳಕಲ್ ಸೀರೆಯ ಮಾತೂ ಇದೇ. ಬೆಲೆಗಾಗಿಯೂ ಅಲ್ಲ, ಉಪಯೋಗಕ್ಕಾಗಿಯೂ ಅಲ್ಲ ಎಂದಮೇಲೆ ಇವು ಯಾಕೆ ಇಷ್ಟು ಪ್ರಿಯ? ಈ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿ ನೋಡಿದ್ದು ಜೈನ ದರ್ಶನ. ಈ ಹಿಡಿತಕ್ಕೆ ಅದು ಇಟ್ಟ ಹೆಸರು ಪರಿಗ್ರಹ.

ಪರಿಗ್ರಹವೆಂದರೆ ಆಸ್ತಿ ಕೂಡಿಹಾಕುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಜೈನಾಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅದನ್ನು ಮನಸ್ಸಿನ ಸ್ಥಿತಿಯಾಗಿ ಗುರುತಿಸುತ್ತದೆ: ವಸ್ತುವಿನಲ್ಲಿ ಮೈಮರೆತ ಮಮತೆಯೇ ಪರಿಗ್ರಹ. ಈ ಗ್ರಂಥಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಇನ್ನೂ ಹತ್ತಿರದಿಂದ ನೋಡುತ್ತಾರೆ. ಹಸು, ಎಮ್ಮೆ, ಮಣಿ, ಮುತ್ತು ಮೊದಲಾದವನ್ನು ಗಳಿಸುವುದರಲ್ಲಿ, ಕಾಯುವುದರಲ್ಲಿ, ಒಪ್ಪ ಮಾಡುವುದರಲ್ಲಿ ಮನಸ್ಸು ಸದಾ ತೊಡಗಿರುತ್ತದಲ್ಲ, ಆ ತೊಡಗುವಿಕೆಯೇ ಮಮತೆ ಎನ್ನುತ್ತಾರೆ. ಹಾಗಾದರೆ ಹೊರಗಿನ ವಸ್ತು ನಿರ್ದೋಷಿಯೇ ಎಂಬ ಪ್ರಶ್ನೆಯನ್ನೂ ಅವರೇ ಎತ್ತುತ್ತಾರೆ. ವಸ್ತುವೇ ಮಮತೆಗೆ ನಿಮಿತ್ತವಾಗುವುದರಿಂದ ಅದನ್ನೂ ಪರಿಗ್ರಹವೆಂದೇ ಕರೆಯಬೇಕಾಗುತ್ತದೆ ಎಂಬುದು ಅವರ ಉತ್ತರ.

ಈ ವಿಚಾರ ಕಣ್ಣಿಗೆ ಕಾಣುವುದು ದಿಗಂಬರ ಮುನಿಗಳ ಬದುಕಿನಲ್ಲಿ. ಬಟ್ಟೆಯನ್ನೂ ಬಿಟ್ಟ ಮುನಿಯ ಬಳಿ ಪಿಂಛಿ ಮತ್ತು ಕಮಂಡಲ ಇರುತ್ತವೆ, ಓದಲು ಶಾಸ್ತ್ರಗ್ರಂಥ ಇರುತ್ತದೆ. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಕಟ್ಟಿ ಮಾಡಿದ್ದು ಪಿಂಛಿ. ಕೂರುವ ಮುನ್ನ ಅದರಿಂದ ನೆಲವನ್ನು ಮೃದುವಾಗಿ ಸವರುತ್ತಾರೆ, ಇರುವೆಯಂಥ ಜೀವಕ್ಕೂ ನೋವಾಗಬಾರದೆಂದು. ಇವು ಸಂಯಮಕ್ಕೆ, ಶುಚಿಗೆ, ಜ್ಞಾನಕ್ಕೆ ಬೇಕಾದ ಉಪಕರಣಗಳು, ಕೈಯಲ್ಲಿದ್ದರೂ ಪರಿಗ್ರಹವಲ್ಲ. ಚಾತುರ್ಮಾಸ ಮುಗಿದಾಗ ಮುನಿ ಹೊಸ ಪಿಂಛಿ ಸ್ವೀಕರಿಸಿ, ಹಳೆಯದನ್ನು ವ್ರತ ಹಿಡಿದ ಶ್ರಾವಕರಿಗೆ ಕೊಟ್ಟುಬಿಡುತ್ತಾರೆ.

ಕೈ ಬರಿದಾಗಿದ್ದರೂ ಪರಿಗ್ರಹ ಉಳಿಯಬಹುದು. ಗೆದ್ದ ರಾಜ್ಯವನ್ನೇ ಅಣ್ಣ ಭರತನಿಗೆ ಬಿಟ್ಟು ಬಾಹುಬಲಿ ತಪಸ್ಸಿಗೆ ನಿಂತ. ಮೈಗೆ ಬಳ್ಳಿ ಹಬ್ಬಿದರೂ ಎಲ್ಲವನ್ನೂ ಅರಿಯುವ ಕೇವಲಜ್ಞಾನ ಬರಲಿಲ್ಲ. ತಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಮುಳ್ಳು ಒಳಗೆ ಉಳಿದಿತ್ತು ಎಂದು ಕನ್ನಡ ನಾಡಿನಲ್ಲಿ ಕಥೆ ಹೇಳುತ್ತಾರೆ. ಅದಕ್ಕೇ ಜೈನರು ಹೊರಗಿನ ಪರಿಗ್ರಹ 10, ಒಳಗಿನದು 14 ಎಂದು ಎಣಿಸಿದ್ದು. ಒಳಗಿನವುಗಳಲ್ಲಿ ಲೋಭ, ಮಾನಗಳ ಜೊತೆಗೆ ಶೋಕ, ಭಯಗಳೂ ಇವೆ. ತೀರಿಕೊಂಡ ತಾಯಿಯ ಸೀರೆಯನ್ನು ಯಾರೂ ಮುಟ್ಟದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿದಾಗ ನಾವು ಕಾಯುತ್ತಿರುವುದು ಸೀರೆಯನ್ನಷ್ಟೇ ಅಲ್ಲ, ಆರದ ದುಃಖವನ್ನೂ.

‘ನನ್ನದು’ ಎಂಬ ಭಾವ ಹುಟ್ಟಲು ವರ್ಷಗಟ್ಟಲೆ ಒಡನಾಟವೂ ಬೇಕಿಲ್ಲ. ಸಂಶೋಧಕರಾದ ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಗಿಂತ ಇವರು ಕೇಳಿದ್ದು ಸುಮಾರು ಎರಡು ಪಟ್ಟು. ಮಗ್ ಅದೇ, ಅದು ಕೈಗೆ ಬಂದು ತುಸು ಹೊತ್ತಾಗಿತ್ತು, ಅಷ್ಟೇ.

ಹಾಗೆಂದು ಎಲ್ಲವನ್ನೂ ತೊರೆಯಿರಿ ಎಂದು ಜೈನ ದರ್ಶನ ಗೃಹಸ್ಥರಿಗೆ ಹೇಳುವುದಿಲ್ಲ. ಅವರಿಗಿರುವುದು ಪರಿಗ್ರಹ ಪರಿಮಾಣ ವ್ರತ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಬಟ್ಟೆ, ಪಾತ್ರೆ ಇವುಗಳಲ್ಲಿ ತನಗೆ ಇಷ್ಟು ಸಾಕು ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಮುನಿಗೆ ಪೂರ್ತಿ ತ್ಯಾಗದ ಮಹಾವ್ರತ, ಸಂಸಾರಿಗೆ ಮಿತಿಯ ಅಣುವ್ರತ.

ಪ್ರಿಯವಾದ ವಸ್ತುಗಳಿಗೂ ಇಂಥದೊಂದು ಗೆರೆ ಬೇಕೆಂದು ನಾನು ನಂಬುತ್ತೇನೆ. ಅಮ್ಮನ ಬಳೆ ನಮಗೆ ಪ್ರಿಯವಾಗುವುದು ಅದರಲ್ಲಿ ಅಮ್ಮ ಇದ್ದಾಳೆಂದು. ಅದೇ ಬಳೆಗಾಗಿ ಅಕ್ಕತಂಗಿಯರು ಮಾತು ಬಿಟ್ಟರೆ ಅಲ್ಲಿ ಉಳಿಯುವುದು ಬಂಗಾರದ ತೂಕ ಮಾತ್ರ. ಒಂದು ಸಂಬಂಧವನ್ನು ನೆನಪಿಸುವವರೆಗೆ ವಸ್ತು ಉಪಕರಣ. ಸಂಬಂಧಕ್ಕಿಂತ ದೊಡ್ಡದಾದ ಕ್ಷಣದಿಂದ ಅದು ಪರಿಗ್ರಹ. ನಿಮಗೆ ತೀರಾ ಪ್ರಿಯವಾದ ವಸ್ತು ಯಾವುದು, ಮುಂದೆ ಅದು ಯಾರಿಗೆ ಸೇರಬೇಕು ಎಂದು ಇವತ್ತೇ ಯೋಚಿಸಿ. ಸಾಧ್ಯವಾದರೆ ಅದರ ಕಥೆಯನ್ನೂ ಹೇಳಿ, ನಿಮ್ಮ ಕೈಯಾರೆ ಕೊಡಿ.