ಕೇಳದೆ ಬಿಟ್ಟ ಪ್ರಶ್ನೆ

ಪದವಿಯ ಎರಡನೇ ವರ್ಷದಲ್ಲಿದ್ದಾಗ ಗೆಳೆಯನೊಬ್ಬ ಹೊಸತೊಡಕಿಗೆಂದು ಮಂಡ್ಯದ ಹತ್ತಿರವಿರುವ ತನ್ನೂರಿಗೆ ಕರೆದುಕೊಂಡು ಹೋಗಿದ್ದ. ಯುಗಾದಿಯ ಮಾರನೆಯ ದಿನ ಆ ಸೀಮೆಯಲ್ಲಿ ಮಾಂಸದೂಟವಿಲ್ಲದ ಮನೆ ಅಪರೂಪ. ಅವನ ತಾಯಿ ಬಿಸಿ ಮುದ್ದೆಯ ಪಕ್ಕ ಕೋಳಿಸಾರು ಬಡಿಸಿದರು. ಕೋಳಿ ಎಲ್ಲಿಂದ ತಂದದ್ದು, ಯಾರು ಕೊಯ್ದದ್ದು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಿದರೆ ನೊಂದುಕೊಂಡಾರೆಂದು ಸುಮ್ಮನಾದೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ಮಜ್ಜಿಗೆ ಅನ್ನ ಉಂಡು ಎದ್ದೆ. “ಯಾಕ್ ಮಗ, ಸೇರ್ನಿಲ್ವಾ?” ಎಂದರು ಆಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಗೆಳೆಯ ಹೇಳಿದ: “ನೀನು ಬರ್ತೀಯ ಅಂತ ಅವ್ವ ಬೆಳಗ್ಗೇನೇ ನನ್ನ ಪೇಟೆಯ ಸಾಬರ ಅಂಗಡಿಗೆ ಕಳಿಸಿದ್ಲು ಕಣೋ. ಮನೇಲಿ ಕೋಳಿ ಇದ್ರೂ ಮುಟ್ನಿಲ್ಲ.”

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಉಣ್ಣುವ ಅನ್ನದ ಬಗ್ಗೆ ವಿಚಾರಿಸುವುದು ಬಡಿಸುವವರಿಗೆ ಮಾಡುವ ಅವಮಾನವೇ?

ಹಲಾಲ್ ಎಂದರೆ ಅನುಮತಿ ಇರುವುದು ಎಂದಷ್ಟೇ ಅರ್ಥ. ಹಂದಿ, ರಕ್ತ, ಸತ್ತ ಪ್ರಾಣಿಯ ಮಾಂಸ, ಮದ್ಯ ನಿಷಿದ್ಧ. ತಿನ್ನಬಹುದಾದ ಪ್ರಾಣಿಯನ್ನೂ ದೇವರ ಹೆಸರು ಹೇಳಿ, ಹರಿತವಾದ ಚೂರಿಯಿಂದ ಕುತ್ತಿಗೆ ಕೊಯ್ದು, ರಕ್ತ ಹರಿದುಹೋಗಲು ಬಿಡಬೇಕು. ನಾನು ಹುಡುಗನಾಗಿದ್ದಾಗ ಇದಕ್ಕೆ ಯಾವ ಪ್ರಮಾಣಪತ್ರವೂ ಬೇಕಿರಲಿಲ್ಲ. ನಮ್ಮ ಬೀದಿಯ ಕಸಾಯಿಯನ್ನು ಅಜ್ಜಿ ಅವನ ಅಪ್ಪನ ಕಾಲದಿಂದ ಬಲ್ಲಳು. ತೂಕದಲ್ಲಿ ಮೋಸ ಮಾಡಿದರೆ ಬೈಯುತ್ತಿದ್ದಳು. ಉಳಿದದ್ದಕ್ಕೆ ಅವನ ಮಾತೇ ಸಾಕಿತ್ತು.

ಆದರೆ ಪೊಟ್ಟಣದ ಆಹಾರಕ್ಕೆ ಬೈಯಲು ಯಾರೂ ಸಿಗುವುದಿಲ್ಲ. ಜೆಲಾಟಿನ್ ಎಂದು ಬರೆದಿದ್ದರೆ ಅದು ಹಂದಿಯ ಚರ್ಮದ್ದೋ, ದನದ ಮೂಳೆಯದೋ, ಮೀನಿನದೋ? 471 ಎಂಬ ಸಂಖ್ಯೆಯ ಹಿಂದಿರುವುದು ಗಿಡದ ಎಣ್ಣೆಯೂ ಆಗಿರಬಹುದು, ಪ್ರಾಣಿಯ ಕೊಬ್ಬೂ ಆಗಿರಬಹುದು. ಕಾರ್ಖಾನೆಗೆ ಹೋಗಿ ಕೇಳಲು ನನ್ನಿಂದಾಗದು. ನನ್ನ ಪರವಾಗಿ ಯಾರೋ ಹೋಗಿ, ಕಚ್ಚಾ ಸಾಮಗ್ರಿ, ಯಂತ್ರ, ಗೋದಾಮುಗಳನ್ನು ನೋಡಿ ಬಂದರೆ ಅದೇ ಪ್ರಮಾಣೀಕರಣ.

ಈ ಕೇಳುವಿಕೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇಂಡೋನೇಷ್ಯಾದ ಉದಾಹರಣೆಯಿದೆ. 1988ರಲ್ಲಿ ಅಲ್ಲಿ ಹಲವು ತಿನಿಸುಗಳಲ್ಲಿ ಹಂದಿಯ ಕೊಬ್ಬಿದೆ ಎಂಬ ಸುದ್ದಿ ಹಬ್ಬಿ ಜನ ಕಂಗಾಲಾದರು. ಮರುವರ್ಷವೇ ಉಲೇಮಾಗಳ ಮಂಡಳಿ ಆಹಾರ ಪರೀಕ್ಷಿಸುವ ಸಂಸ್ಥೆಯೊಂದನ್ನು ಕಟ್ಟಿತು. 2001ರ ಆರಂಭದಲ್ಲಿ ಅಜಿನೊಮೊಟೊ ಕಂಪನಿ ತನ್ನ ರುಚಿಪುಡಿಯನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಪುಡಿಯಲ್ಲಿ ಹಂದಿಯ ಅಂಶವಿರಲಿಲ್ಲ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಕೊಡುವ ಪೋಷಕಾಂಶವನ್ನು ಸಿದ್ಧಪಡಿಸುವಾಗ ಹಂದಿಯಿಂದ ತೆಗೆದ ಕಿಣ್ವ ಬಳಕೆಯಾಗಿತ್ತು. ಉಲೇಮಾಗಳ ಮಂಡಳಿ ಹರಾಮ್ ಎಂದಿತು. ಸ್ವತಃ ಧಾರ್ಮಿಕ ವಿದ್ವಾಂಸರಾಗಿದ್ದ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ ತಿನ್ನಬಹುದು ಎಂದರು. ಒಬ್ಬರು ವಸ್ತು ಹೇಗೆ ಹುಟ್ಟಿತು ಎಂದು ನೋಡಿದರು. ಇನ್ನೊಬ್ಬರು ಕೊನೆಗೆ ಏನು ಉಳಿಯಿತು ಎಂದು ನೋಡಿದರು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಪಾಂಡಿತ್ಯ ನನಗಿಲ್ಲ. ತಿನ್ನುವವನಿಗೆ ತಿಳಿಯುವ ಹಕ್ಕಿತ್ತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

2022ರಲ್ಲಿ ಅದೇ ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗೆದ್ದಿತು. 2023ರ ನವೆಂಬರಿನಲ್ಲಿ ಉತ್ತರಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ಪದಾರ್ಥಗಳ ಮಾರಾಟವನ್ನೇ ನಿಷೇಧಿಸಿತು; ರಫ್ತಿಗೆ ಮಾತ್ರ ವಿನಾಯಿತಿ. ಟೀಕಾಕಾರರ ಒಂದು ಮಾತು ನನಗೂ ಒಪ್ಪಿಗೆ: ಪ್ರಾಣಿಯ ಸೋಂಕೇ ಇಲ್ಲದ ವಸ್ತುವಿಗೂ ಶುಲ್ಕ ಪಡೆದು ಮುದ್ರೆ ಒತ್ತಿದರೆ ಅದು ಭಕ್ತರ ಭಯವನ್ನು ಮಾರಿದಂತೆ. ಆದರೆ ಮುದ್ರೆಯನ್ನು ಹುಡುಕುವುದೇ ತಪ್ಪೆನ್ನುವವರು ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡಲಿ. ಸಸ್ಯಾಹಾರಿಗಳು ಪೊಟ್ಟಣ ತಿರುಗಿಸಿ ಹಸಿರು ಚುಕ್ಕೆ ಹುಡುಕುತ್ತಾರೆ. ಅದನ್ನು ಕಾನೂನೇ ಕಡ್ಡಾಯ ಮಾಡಿದೆ. ಜೆಲಾಟಿನ್ ಇಲ್ಲವೆಂದು ಖಾತ್ರಿಯಾಗಲು ನಾನೂ ಎಷ್ಟೋ ಸಲ ಅದೇ ಚುಕ್ಕೆಯನ್ನು ನೆಚ್ಚಿಕೊಂಡಿದ್ದೇನೆ.

ಹಾಗಾದರೆ ಎಲ್ಲೆಡೆಯೂ ಕೇಳುತ್ತಲೇ ಇರಬೇಕೇ? ಪ್ರವಾದಿಯವರ ಕಾಲದ ಒಂದು ಪ್ರಸಂಗವಿದೆ. ಹೊಸದಾಗಿ ಧರ್ಮಕ್ಕೆ ಬಂದವರು ಮಾಂಸ ತಂದುಕೊಡುತ್ತಾರೆ, ಕೊಯ್ಯುವಾಗ ದೇವರ ಹೆಸರು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ ಎಂದು ಕೆಲವರು ಅವರ ಬಳಿ ಅಳಲು ತೋಡಿಕೊಂಡರು. ನೀವೇ ಹೆಸರು ಹೇಳಿ ಉಣ್ಣಿ ಎಂದರಂತೆ ಪ್ರವಾದಿ. ಅನುಮಾನವನ್ನು ಮನೆತನಕ ಹೊತ್ತುಕೊಂಡು ಹೋಗಬೇಡಿ ಎಂದು ನಾನಿದನ್ನು ಅರ್ಥಮಾಡಿಕೊಂಡಿದ್ದೇನೆ.

ಮಂಡ್ಯದ ಆ ಮನೆಯಲ್ಲಿ ನನ್ನೆದುರು ಎರಡು ಒಳ್ಳೆಯ ದಾರಿಗಳಿದ್ದವು. ನಂಬಿ ಉಣ್ಣಬಹುದಿತ್ತು, ಇಲ್ಲವೇ ಬಾಯಿಬಿಟ್ಟು ಕೇಳಬಹುದಿತ್ತು. ಎರಡನ್ನೂ ಬಿಟ್ಟು, ಅನುಮಾನವನ್ನು ಒಳಗಿಟ್ಟುಕೊಂಡು ಅದಕ್ಕೆ ಸೌಜನ್ಯ ಎಂದು ಹೆಸರಿಟ್ಟೆ. ಅವಮಾನ ಮಾಡಿದ್ದು ಆ ಮೌನವೇ.

“ಅಮ್ಮಾ, ಕೋಳಿ ಎಲ್ಲಿಂದ ತಂದಿರಿ?” ಎಂದಿದ್ದರೆ ಸಾಕಿತ್ತು. ಆಕೆಯ ಬಳಿ ಉತ್ತರ ಬೆಳಗ್ಗೆಯಿಂದಲೇ ಸಿದ್ಧವಿತ್ತು.