ಲೋಹದ ಮೇಲಿನ ಅಂಕೆ ಮತ್ತು ಗೃಹಸ್ಥನ ಸತ್ಯವ್ರತ

ಶ್ರಾವಕನು ಅಣುವ್ರತಗಳನ್ನು ಬಸದಿಯಲ್ಲಿ, ಗುರುಸನ್ನಿಧಿಯಲ್ಲಿ ಸ್ವೀಕರಿಸುತ್ತಾನೆ. ಅವುಗಳ ಪರೀಕ್ಷೆ ನಡೆಯುವುದು ಮಾತ್ರ ಕೊಡುಕೊಳ್ಳುವ ವ್ಯವಹಾರದಲ್ಲಿ. ಹಳೆಯ ಮೋಟಾರು ಕಾರೊಂದರ ಮಾರಾಟವೂ ಅಂತಹ ಪರೀಕ್ಷೆಯೇ ಆಗಬಲ್ಲದು. ಖಾನಾಪುರದ ಮನೆಯೊಂದರಲ್ಲಿ ಅಜ್ಜನ ಕಾಲದ ಫಿಯಟ್ ಕಾರು ಉಳಿದಿದೆಯೆಂದು ಇಟ್ಟುಕೊಳ್ಳಬಹುದು. ಅದರ ಮೂಲ ಎಂಜಿನ್ ಎಂದೋ ಕೆಟ್ಟು, ಅದೇ ಮಾದರಿಯ ಬೇರೊಂದು ಎಂಜಿನ್ ಅಲ್ಲಿ ಕುಳಿತಿದೆ. ಬೆಳಗಾವಿಯಿಂದ ಬಂದ ಗ್ರಾಹಕನು “ಎಲ್ಲವೂ ಮೂಲದ್ದೇ ತಾನೆ?” ಎಂದು ಕೇಳುತ್ತಾನೆ. ಹೌದೆಂದರೆ ಬೆಲೆ ಹೆಚ್ಚು, ನಿಜ ನುಡಿದರೆ ಕಡಿಮೆ. ಎಂಜಿನ್ ಮೇಲಿನ ಅಂಕೆಯನ್ನು ಉಜ್ಜಿ ತೆಗೆದು, ದಾಖಲೆಯಲ್ಲಿರುವ ಅಂಕೆಯನ್ನೇ ಒತ್ತಿಸಿಬಿಡೋಣವೆಂದು ದಲ್ಲಾಳಿ ಉಪಾಯ ಸೂಚಿಸುತ್ತಾನೆ. ಇಲ್ಲಿ ದೋಷವು ಎಲ್ಲಿಂದ ಆರಂಭವಾಗುತ್ತದೆ ಎಂಬುದು ವಿಚಾರಣೀಯ.

ವಾಹನದ ಅಂಕೆ ಕೇವಲ ಅಲಂಕಾರವಲ್ಲ, ಅದು ತಯಾರಕನು ಲೋಹದ ಮೇಲೆ ಬರೆದ ಮಾತು. ಇಂದಿನ ವಾಹನಗಳಲ್ಲಿ ಹದಿನೇಳು ಅಕ್ಷರ-ಅಂಕೆಗಳ ಗುರುತು ಇರುತ್ತದೆ. ತಯಾರಕ ಯಾರು, ಮಾದರಿ ಯಾವುದು, ಕ್ರಮಸಂಖ್ಯೆ ಎಷ್ಟು ಎಂಬುದನ್ನು ಅದರಿಂದ ತಿಳಿಯಬಹುದು. ಹಳೆಯ ಕಾರುಗಳಲ್ಲಿ ಈ ಏಕರೂಪತೆ ಇರಲಿಲ್ಲ, ಪ್ರತಿ ಕಾರ್ಖಾನೆಗೂ ತನ್ನದೇ ಕ್ರಮ. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಎಂಜಿನ್ನಿನ ಅಂಕೆಯೇ ಕಾರಿನ ಗುರುತಾಗಿತ್ತು. ಎರಕದಲ್ಲಿ ಮೂಡಿದ ಅಂಕೆ ಬೇರೆ, ತರುವಾಯ ಒತ್ತಿದ ಅಂಕೆ ಬೇರೆ. ಮೊದಲನೆಯದು ಭಾಗದ ಜಾತಿಯನ್ನು ಹೇಳಿದರೆ ಎರಡನೆಯದು ಆ ಒಂದು ವ್ಯಕ್ತಿಯನ್ನು ಹೇಳುತ್ತದೆ.

ಬಲ್ಲವರು ಒಂದು ಅಂಕೆಯನ್ನು ಕಂಡು ತೃಪ್ತರಾಗುವುದಿಲ್ಲ. ಚಾಸಿಯ ಅಂಕೆ, ಎಂಜಿನ್ನಿನ ಅಂಕೆ, ನೋಂದಣಿ ಪುಸ್ತಕ ಇವು ಮೂರೂ ಪರಸ್ಪರ ಒಪ್ಪಬೇಕು. ಅಕ್ಷರಗಳ ಆಕಾರ ಆ ಕಾರ್ಖಾನೆಯದಾಗಿರಬೇಕು, ಫಲಕದ ರಿವೆಟ್ಟುಗಳನ್ನು ಬದಲಿಸಿರಬಾರದು, ಅಂಕೆಯ ಸುತ್ತಲ ಲೋಹದಲ್ಲಿ ಉಜ್ಜಿದ ಗುರುತು ಇರಬಾರದು. ಅಂಕೆಯನ್ನು ಒತ್ತಿದಾಗ ಅದರ ಕೆಳಗಿನ ಲೋಹದ ರಚನೆಯೂ ಬದಲಾಗುತ್ತದೆ. ಆದುದರಿಂದ ಮೇಲ್ಪದರವನ್ನು ಉಜ್ಜಿದ ಮೇಲೂ ರಾಸಾಯನಿಕ ದ್ರಾವಣದಿಂದ ಮೊದಲಿನ ಅಂಕೆಯನ್ನು ಅನೇಕ ಸಲ ಮತ್ತೆ ಕಾಣಿಸಬಹುದಾಗಿದೆ.

ಇಂತಹ ಪರೀಕ್ಷೆ ಜೈನಸಮಾಜಕ್ಕೆ ಹೊಸದಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಕಾಲದ ಪಲಾಶಿಕಾ. ಅಲ್ಲಿ ದೊರೆತ ತಾಮ್ರಶಾಸನಗಳಿಂದಲೇ ಮೃಗೇಶವರ್ಮನು ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಭೂಮಿ ಕೊಟ್ಟ ವಿಷಯ ತಿಳಿದಿದೆ. ತಾಮ್ರಪಟವೆಂದ ಮಾತ್ರಕ್ಕೆ ವಿದ್ವಾಂಸರು ನಂಬುವುದಿಲ್ಲ. ಲಿಪಿ ಆ ಕಾಲದ್ದೇ, ವಂಶಾವಳಿ ಇತರ ಶಾಸನಗಳಿಗೆ ಹೊಂದುವುದೇ, ತಿಥಿವಾರಗಳು ಕೂಡುವುವೇ ಎಂದು ನೋಡುತ್ತಾರೆ. ಹಲಸಿಯ ಶಾಸನಗಳನ್ನು ಪ್ರಕಟಿಸಿದ ಫ್ಲೀಟರೇ ಗಂಗರ ಅನೇಕ ತಾಮ್ರಪಟಗಳನ್ನು ಕೂಟಶಾಸನಗಳೆಂದು ಸಂಶಯಿಸಿದರು. ಒಂದು ಕೂಟಲೇಖದಿಂದ ನೂರು ನಿಜಲೇಖಗಳ ಮೇಲೂ ಸಂಶಯ ಬೀಳುತ್ತದೆ.

ಹಾಗಾದರೆ ಭಾಗಗಳು ಬದಲಾದ ಕಾರು ಅದೇ ಕಾರು ಹೌದೋ ಅಲ್ಲವೋ? ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದೇ ಸತ್ತು ಎಂಬ ಸಿದ್ಧಾಂತವನ್ನು ಒಪ್ಪಿದವನಿಗೆ ಬದಲಾವಣೆಯೇ ದೋಷವಲ್ಲ. ೧೨೦೪ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದ ಬೆಳಗಾವಿ ಕೋಟೆಯ ಕಮಲಬಸದಿಯಂತಹ ಪ್ರಾಚೀನ ಕಟ್ಟಡಗಳು ಕಾಲಕಾಲದ ರಕ್ಷಣೆಯಿಲ್ಲದೆ ನಿಲ್ಲಲಾರವು. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೇ ದತ್ತಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಅಲ್ಲಿ ದುರಸ್ತಿಯನ್ನು ಮುಚ್ಚಿಡಲಿಲ್ಲ, ಪುಣ್ಯಕಾರ್ಯವೆಂದು ಕಲ್ಲಿನಲ್ಲಿಯೇ ಕೊರೆಸಿದರು. ಜೀರ್ಣೋದ್ಧಾರಕ್ಕೂ ವಂಚನೆಗೂ ಇರುವ ಭೇದ ಇಷ್ಟೇ: ಒಂದು ತನ್ನನ್ನು ಹೇಳಿಕೊಳ್ಳುತ್ತದೆ, ಇನ್ನೊಂದು ಅಡಗಿಸುತ್ತದೆ.

ಇಲ್ಲಿ ಜಾಣನೊಬ್ಬನು ಸ್ಯಾದ್ವಾದವನ್ನೇ ಮುಂದೊಡ್ಡಬಹುದು: “ಕಾರು ಒಂದು ಅಪೇಕ್ಷೆಯಿಂದ ಮೂಲದ್ದೇ, ಹೌದೆಂದರೆ ಸುಳ್ಳೇನು?” ಸ್ಯಾತ್ ಎಂಬ ಪದವು ಅಪೇಕ್ಷೆಯನ್ನು ನುಡಿಯಬೇಕೆಂಬ ನಿಯಮವೇ ಹೊರತು ಅದನ್ನು ಮರೆಸುವ ಪರದೆಯಲ್ಲ. ಚಾಸಿಯ ಅಪೇಕ್ಷೆಯಿಂದ ಮೂಲದ್ದು, ಎಂಜಿನ್ನಿನ ಅಪೇಕ್ಷೆಯಿಂದ ಬದಲಾದದ್ದು ಎಂದರೆ ಅದು ಅನೇಕಾಂತ. ಅಪೇಕ್ಷೆಯನ್ನು ನುಂಗಿ ಬರಿದೆ ‘ಮೂಲದ್ದು’ ಎಂದರೆ ಅದು ಏಕಾಂತ, ಲಾಭಕ್ಕಾಗಿ ಆಡಿದಾಗ ಅಸತ್ಯವೂ ಹೌದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಸುಳ್ಳು ಅಂಕೆಯನ್ನು ಒತ್ತಿಸುವುದು ಮೊದಲನೆಯದು, ಆ ಕಾರನ್ನು ಮೂಲದ ಬೆಲೆಗೆ ಮಾರುವುದು ಎರಡನೆಯದು. ಒಂದೇ ಕಾರ್ಯದಿಂದ ಎರಡು ವ್ರತಗಳಿಗೆ ಕಲೆ ತಗಲುತ್ತದೆ. ರಾಜ್ಯದ ಕಾನೂನೂ ಇದೇ ದಿಕ್ಕಿನಲ್ಲಿದೆ. ೨೦೨೧ರ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿ, ಮೂಲರೂಪದಲ್ಲಿಯೇ ಉಳಿದು, ಗಣನೀಯ ಮಾರ್ಪಾಡಿಗೆ ಒಳಗಾಗದ ಖಾಸಗಿ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮಾನ್ಯತೆ.

ದಾನವಾಗಿ ಬಂದ ಹಳೆಯ ವಾಹನವನ್ನು ಹರಾಜು ಹಾಕುವ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಬಸದಿಯ ಭಂಡಾರಕ್ಕೆ ಸೇರುವ ಹಣವೆಂಬ ಕಾರಣದಿಂದ ಅರ್ಧಸತ್ಯ ಶುದ್ಧವಾಗುವುದಿಲ್ಲ. ಖಾನಾಪುರದ ಆ ಗೃಹಸ್ಥನು ಮಾಡಬೇಕಾದುದು ಕಷ್ಟದ್ದೇನಲ್ಲ: ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು, ಯಾವುದು ತನಗೆ ತಿಳಿಯದು ಎಂದು ಮೂರು ಸಾಲು ಬರೆದು ಸಹಿ ಹಾಕಿ ಗ್ರಾಹಕನ ಕೈಗಿಡುವುದು. ಬೆಲೆ ಕೆಲವು ಸಾವಿರ ಇಳಿಯಬಹುದು. ಆದರೆ ಅಜ್ಜನ ಕಾರಿನೊಡನೆ ಅಜ್ಜನ ಹೆಸರೂ ಆ ಮನೆಯಿಂದ ಮಾರಾಟವಾಗಿ ಹೋಗುವುದಿಲ್ಲ.