ಬೇರೂರಿದ ಮೇಲೆ

ಚೆನ್ನೈಯಿಂದ ಕಡಲ ಬದಿಯ ರಸ್ತೆ ಹಿಡಿದು ಪುದುಚೇರಿಗೆ ಹೋಗುವ ನಾವು ಅಲ್ಲಿನ ಸಸ್ಯೋದ್ಯಾನಕ್ಕೂ ಒಂದು ಗಂಟೆ ಮೀಸಲಿಡಬೇಕು. 1826ರಲ್ಲಿ ಫ್ರೆಂಚರು ಮಾಡಿಸಿದ ಈ ತೋಟಕ್ಕೆ ದೂರದೇಶದ ಸಸಿಗಳು ಬಂದವು. ಇಲ್ಲಿನ ಮಣ್ಣು ಒಗ್ಗೀತೇ ಎಂಬುದೇ ಅವುಗಳ ಪರೀಕ್ಷೆ. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಅದು ಹೊಸದೇನಲ್ಲ.

ಬಂದ ಊರಿನಲ್ಲಿ ನಾವು ಬದುಕಿಕೊಂಡೆವು, ಸರಿ. ನಾವು ಬಂದುದರಿಂದ ಆ ಊರಿಗೇನಾಯಿತು?

ಹೀಗೆಯೇ ಹಡಗೇರಿ ಬಂದ ಎರಡು ಗಿಡಗಳನ್ನು ನೋಡೋಣ. ಬ್ರೆಜಿಲಿನ ಗೇರನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಇಂದು ಅದನ್ನು ಪರದೇಶದ್ದೆಂದರೆ ಮಂಗಳೂರಿನವರು ನಕ್ಕಾರು. ಲಂಟಾನವೂ ಅಮೆರಿಕ ಖಂಡದ್ದೇ. 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಬೇಲಿ ದಾಟಿತು. ಇಂದು ಬಂಡೀಪುರದ ಕಾಡಿನಲ್ಲಿ ಹಬ್ಬಿ, ಜಿಂಕೆ ಮೇಯುವ ಹುಲ್ಲಿಗೂ ಎಡೆಯಿಲ್ಲದಂತೆ ಮಾಡಿದೆ.

ಬೇರೂರುವುದೇ ಯೋಗ್ಯತೆಯಾದರೆ ಲಂಟಾನದ್ದೇ ಒಂದು ಕೈ ಮೇಲು! ಗಿಡವನ್ನು ದೂರಿ ಫಲವಿಲ್ಲ, ಅದಕ್ಕೆ ವಿವೇಚನೆಯಿಲ್ಲ. ನಮಗಿದೆ. ನೆರೆಮನೆಯವರ ಭಾಷೆಯ ನಾಲ್ಕು ಮಾತು ಕಲಿಯದೆ ಮೂವತ್ತು ವರ್ಷ ಕಳೆಯಬಹುದು. ಕಲಿತು ಅವರ ಕಷ್ಟಸುಖಕ್ಕೆ ಆಗಲೂಬಹುದು. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳುವುದು ನಮ್ಮ ಹಕ್ಕು. ಅನ್ನ ಕೊಟ್ಟ ಊರಿನವರಿಗೆ ಎಡೆ ಬಿಟ್ಟು ಬಾಳುವುದು ನಮ್ಮ ಮೇಲಿನ ಋಣ.